ಅರವತ್ತೈದನೇ ಪುಟ

ನಾನು ಚಿಕ್ಕವನಿದ್ದಾಗ, ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಐದನೇ ಕ್ಲಾಸಿಗೇ ಓದು ನಿಲ್ಲಿಸಿದೆ. ಆವತಿ ಊರಿನ ಪಕ್ಕದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳುವಿನ ಮೇವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತರಲು ಅಪ್ಪನಿಗೆ ಇನ್ನೊಂದು ಜೊತೆ ಕೈ ಬೇಕಿತ್ತು. ಅಕ್ಕನಂತೂ ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ.

ಮರಿಹುಳು ಬಿಡುವ ಬಿದಿರು ತಟ್ಟೆಗೆ ಕಾಗದ ಹಾಸಬೇಕು. ಅದಕ್ಕೆಂದು ಅಪ್ಪ ದೇವನಹಳ್ಳಿಯಿಂದ ಹಳೇ ಕಾಗದದ ಕಟ್ಟು ತರುತ್ತಿದ್ದ. ಆ ಸಲದ ಕಟ್ಟಿನಲ್ಲಿ ರಟ್ಟು ಕಿತ್ತುಹೋದ ಒಂದು ಕತೆ ಪುಸ್ತಕವಿತ್ತು. ಓದು ಬಾರದ ಅಪ್ಪ ಅದನ್ನೂ ಬಿಡಿಸಿ, ಅರ್ಧ ಹಾಳೆಗಳನ್ನು ತಟ್ಟೆಗೆ ಹಾಸಿಬಿಟ್ಟಿದ್ದ. ಉಳಿದರ್ಧ ನನ್ನ ಕೈಗೆ ಸಿಕ್ಕಿತು.

ಅಕ್ಕ ಸೊಪ್ಪು ಹೆಚ್ಚುತ್ತಿದ್ದಳು, ನಾನು ಗಟ್ಟಿಯಾಗಿ ಓದುತ್ತಿದ್ದೆ. ನನ್ನಷ್ಟೇ ವಯಸ್ಸಿನ ಹುಡುಗನೊಬ್ಬ ಒಂಟಿ ದೋಣಿಯಲ್ಲಿ ದ್ವೀಪ ಸೇರುತ್ತಾನೆ. ಅಲ್ಲೊಂದು ಗುಹೆ. ಅವನು ಒಳಗೆ ಹೋದಮೇಲೆ ಸಮುದ್ರ ಉಕ್ಕಿ ಬರುತ್ತದೆ. ಮೊಣಕಾಲು, ಸೊಂಟ, ಕತ್ತು! ಅಲ್ಲಿಗೆ ಅರವತ್ನಾಲ್ಕನೇ ಪುಟ ಮುಗಿಯಿತು. ಅಕ್ಕನ ಕುಡುಗೋಲು ನಿಂತೇ ಹೋಯಿತು.

ಹುಡುಕಿದೆವು. ನಡುವಿನ ತಟ್ಟೆಯ ಅಂಚಿನಲ್ಲಿ, ಸೊಪ್ಪಿನ ಕಡ್ಡಿಗಳ ಅಡಿಯಿಂದ, ೬೫ ಎಂಬ ಅಂಕಿ ಇಣುಕುತ್ತಿತ್ತು. ಆದರೆ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ ಮಕ್ಕಳೇ, ಹುಳು ಚರ್ಮ ಬಿಡುವ ಕಾಲ. ಸಾವಿರಾರು ಹುಳು ತಲೆಯೆತ್ತಿ, ಮೇವು ಮುಟ್ಟದೆ, ಕಲ್ಲಿನಂತೆ ಕೂತುಬಿಡುತ್ತವೆ. ಆಗ ಅಲುಗಿಸಿದರೆ ಚರ್ಮ ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತವೆ. ನಮ್ಮ ಆ ಸಲದ ಬೆಳೆಯೆಲ್ಲ ಆ ತಟ್ಟೆಗಳಲ್ಲೇ ಇತ್ತು.

ಗೊತ್ತಿದ್ದೂ ನಾನು ಹಾಳೆಯ ತುದಿ ಹಿಡಿದೆ.

"ಲೇ, ಮುಟ್ಬೇಡ ಕಣೋ!" ಎಂದು ಅಕ್ಕ ಕೈಗೆ ಹೊಡೆದಳು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ.

"ಏನ್ಲಾ ಅದು?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅಕ್ಕನೇ ಹೇಳಿದಳು: "ಒಬ್ಬ ಹುಡ್ಗ ಗುಹೇಲಿ ಸಿಕ್ಕಾಕ್ಕೊಂಡವ್ನೆ ಅಪ್ಪ. ನೀರು ಕತ್ತಿನ್ ಗಂಟ ಬಂದೈತೆ."

ಅಪ್ಪ ಗಾಬರಿಯಾದ. "ಯಾವೂರ ಹುಡ್ಗ? ಯಾರ ಮಗ?"

"ಪುಸ್ತಕದಲ್ಲಿ ಅಪ್ಪ."

ಅಪ್ಪ ತಟ್ಟೆ ನೋಡಿದ, ನನ್ನನ್ನು ನೋಡಿದ. "ನಾಳೆ ಹುಳ ಏಳ್ತವೆ. ಅಲ್ಲಿಗಂಟ ಅವ್ನೂ ಉಸಿರು ಬಿಗಿ ಹಿಡ್ಕೊಂಡಿರ್ಲಿ!" ಎಂದು ಹೊರಗೆ ಹೋದ.

ಮಾರನೇ ಬೆಳಿಗ್ಗೆ ಹುಳು ಎದ್ದವು. ಅಪ್ಪ ಎಲ್ಲ ತಟ್ಟೆ ಬಿಟ್ಟು ಮೊದಲು ಆ ನಡುವಿನ ತಟ್ಟೆಗೇ ಹೊಸ ಸೊಪ್ಪು ಹಾಕಿದ. ಹಸಿದ ಹುಳು ಒಂದೊಂದೇ ಎಲೆಯ ಮೇಲೆ ಹತ್ತಿದವು. ಅವನ್ನು ಎಲೆ ಸಮೇತ ಬೇರೆ ತಟ್ಟೆಗೆ ಇಳಿಸಿ, ಅಡಿಯ ಹಾಳೆ ತೆಗೆದು, ಹಿಕ್ಕೆ ಕೊಡವಿ ನನ್ನ ಕೈಗಿಟ್ಟ. "ಓದು."

ಹಾಳೆ ಹಸಿರುಗಟ್ಟಿತ್ತು, ಆದರೂ ಅಕ್ಷರ ಕಾಣುತ್ತಿದ್ದವು. ಗುಹೆಯ ನೆತ್ತಿಯಲ್ಲೊಂದು ಬಿರುಕು, ಅದರಿಂದ ಇಳಿಬಿದ್ದ ಮರದ ಬೇರು. ಹುಡುಗ ಅದನ್ನು ಹಿಡಿದು ಬಿಸಿಲಿಗೆ ಬಂದ. ಅಕ್ಕ ನಿಟ್ಟುಸಿರು ಬಿಟ್ಟಳು. ಅಪ್ಪ ಸೊಪ್ಪಿನ ಮಂಕರಿ ಹೊತ್ತುಕೊಂಡೇ ನಿಂತಿದ್ದ. ಆಗ ಕೇಳಿಸಿತು: ತಟ್ಟೆ ತಟ್ಟೆಯಲ್ಲೂ ಹುಳು ಸೊಪ್ಪು ಮೇಯುವ ಸರಸರ ಸದ್ದು, ಮನೆ ತುಂಬ.

"ಸಮುದ್ರದ ಸದ್ದೂ ಹಿಂಗೇ ಇರ್ತದೇನೋ," ಎಂದ ಅಪ್ಪ ಮೆಲ್ಲಗೆ. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ.

ಅಂದಿನಿಂದ ಕಾಗದದ ಕಟ್ಟನ್ನು ಅಪ್ಪ ನನ್ನ ಮುಂದೆಯೇ ಬಿಚ್ಚುತ್ತಿದ್ದ. ಪುಸ್ತಕ ಸಿಕ್ಕರೆ ನನ್ನ ಪಾಲು.

ನಿಮಗೀಗ ಸಾಹಸದ ಕತೆ ಮೊದಲಿಂದ ಕೊನೆಯವರೆಗೆ ಒಂದೇ ರಟ್ಟಿನೊಳಗೆ ಸಿಗುತ್ತದೆ. ಸಂಜೆಯೊಳಗೆ ಮುಗಿಸಿ "ಎರಡನೇ ಭಾಗ ಕೊಡಿಸು ತಾತ" ಎನ್ನುತ್ತೀರಿ. ಕೊಡಿಸುತ್ತೇನೆ, ನನ್ನ ದುಡಿಮೆಯಲ್ಲೇ. ಆದರೆ ಮೊದಲು ನಾನು ಓದಿ ಕೊಡುತ್ತೇನೆ.

ಈಗ ನನಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿದೆ, ಒಂದು ಹುಳುಮನೆ, ಮೂವರು ಮೊಮ್ಮಕ್ಕಳು, ನೂರ ಹದಿನೆಂಟು ಪುಸ್ತಕ.