ಪರದೆಯ ಮೇಲೆ ಪತ್ರರಂಧ್ರ

ವಿಜಯನಗರದ ಮಹಿಳಾ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಮುನಿತಾಯಮ್ಮನವರನ್ನು ಹುಡುಗಿಯರು ಎಂ.ಟಿ. ಮೇಡಂ ಎಂದೇ ಕರೆಯುತ್ತಿದ್ದರು. ಅವರದು ಸುಂಕದಕಟ್ಟೆಯ ಹಳೆಯ ಒಕ್ಕಲು ಮನೆತನ. ಸೊಪ್ಪು, ಹುರುಳಿಕಾಯಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟುಗಳಾಗಿ, ಅಣ್ಣಂದಿರು ಅವುಗಳ ಮೇಲೆ ಬಾಡಿಗೆ ಮನೆ ಕಟ್ಟಿಸಿಕೊಂಡಿದ್ದರು. ಆ ಮನೆಯಲ್ಲಿ ಎಂ.ಎಸ್ಸಿ.ವರೆಗೆ ಹೋದವರು ಇವರೊಬ್ಬರೇ. ಮದುವೆಯಾಗಿ ಗೋವಿಂದರಾಜನಗರಕ್ಕೆ ಬಂದು, ಅಲ್ಲಿಂದ ಕಾಲೇಜಿಗೆ ನಡೆದೇ ಹೋಗಿಬರುತ್ತಿದ್ದರು. ಬಣ್ಣದ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಅವರು ಕಾಂಡದ ಅಡ್ಡಸೀಳಿಕೆ ಬರೆದರೆ, ಮುಂದಿನ ಪೀರಿಯಡ್ಡಿನವರು ಅಳಿಸಲು ಹಿಂದೆಮುಂದೆ ನೋಡುತ್ತಿದ್ದರು.

2005ರಲ್ಲಿ ಕಾಲೇಜಿನ ಗುಣಮಟ್ಟ ಅಳೆಯಲು ದೊಡ್ಡ ಸಮಿತಿಯೊಂದು ಬರಲಿದೆ, ಎಲ್ಲ ಅಧ್ಯಾಪಕರೂ ಕಂಪ್ಯೂಟರಿನಲ್ಲೇ ಪಾಠ ಮಾಡಬೇಕು ಎಂಬ ಆದೇಶ ಬಂತು. ಕಲಿಸಲು ನಿಂತವರು ಕಂಪ್ಯೂಟರ್ ವಿಭಾಗದ ಮೋಹನ್ ಕುಮಾರ್. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ವೇಗ, ಮನಸ್ಸು ಮಾತ್ರ ಮೆತ್ತಗೆ. ಮುನಿತಾಯಮ್ಮ ಮೌಸ್ ಹಿಡಿದಾಗ ಅದರ ಬಾಣ ಪರದೆಯ ಮೂಲೆಗೆ ಓಡಿ ಮಾಯವಾಗುತ್ತಿತ್ತು. ಆದರೂ ಸಂಜೆ ಸಂಜೆ ಉಳಿದು ಕಲಿತರು. ಚಿತ್ರಗಳನ್ನು ಸೇರಿಸಿ ಪಾಠವೊಂದನ್ನು ಸಿದ್ಧಮಾಡಿ, ಕಿಟಕಿಗೆ ಪರದೆ ಎಳೆದು, ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದರು.

"ಚೆನ್ನಾಗಿತ್ತು ಮೇಡಂ, ಸಿನಿಮಾ ನೋಡ್ದಂಗಿತ್ತು" ಎಂದರು ಹುಡುಗಿಯರು. ಆದರೆ ಅವರ ನೋಟ್ಸಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಬೋರ್ಡಿನ ಮೇಲೆ ತಾವು ಬರೆಯುತ್ತ ಹೋದಾಗ ಜೊತೆಜೊತೆಗೇ ಓಡುತ್ತಿದ್ದ ಪೆನ್ಸಿಲ್ಲುಗಳು ಅಂದು ಸುಮ್ಮನೆ ಮಲಗಿದ್ದವು. ಮುನಿತಾಯಮ್ಮನವರಿಗೆ ಅದು ಒಗ್ಗಲಿಲ್ಲ.

ಅದೇ ವಾರ ಪ್ರಾಯೋಗಿಕ ತರಗತಿಯ ರೆಕಾರ್ಡುಗಳನ್ನು ತಿದ್ದುತ್ತ ಕೂತಿದ್ದರು. ಎಲೆ ಉಸಿರಾಡುವ ಪತ್ರರಂಧ್ರದ ಚಿತ್ರ ಎಲ್ಲರದೂ ಒಂದೇ ಅಚ್ಚಿನಲ್ಲಿ ತೆಗೆದಂತಿತ್ತು. ಎಲ್ಲಕ್ಕಿಂತ ಅಂದವಾಗಿದ್ದದ್ದು ಸುವರ್ಣಾಳದು. ಬಾಗಲಕೋಟೆ ಕಡೆಯಿಂದ ಬಂದು ಬಾಪೂಜಿ ನಗರದಲ್ಲಿ ನೆಲೆಸಿದ ಮನೆಯ ಹುಡುಗಿ ಅವಳು. ಮುನಿತಾಯಮ್ಮ ಅವಳನ್ನು ಕರೆದು ಕೇಳಿದರು.

"ಇದನ್ನ ಮೈಕ್ರೋಸ್ಕೋಪಲ್ಲಿ ನೋಡಿ ಬರೆದ್ಯಾ?"

"ಇಲ್ರೀ ಮೇಡಂ. ನನ್ನ ಪಾಳಿ ಬರೂದ್ರಾಗ ಬೆಲ್ ಆತ್ರಿ. ಪುಸ್ತಕ ನೋಡಿ ತಗದೇನ್ರಿ."

"ಹೋದ ವರ್ಷ?"

"ಹೋದ ವರ್ಷನೂ ಹಂಗ ಆತ್ರಿ."

ಹುಡುಗಿ ಅಳುಕಿಲ್ಲದೆ ಹೇಳಿದಳು, ಎಲ್ಲರೂ ಮಾಡುವುದೇ ಹಾಗೆ ಎಂಬಂತೆ. ತಪ್ಪು ಅವಳದಲ್ಲ. ಇಡೀ ತರಗತಿಗೆ ಇದ್ದದ್ದು ಬೆರಳೆಣಿಕೆಯ ಸೂಕ್ಷ್ಮದರ್ಶಕಗಳು. ಅದರಲ್ಲೂ ಕೆಲವಕ್ಕೆ ಕನ್ನಡಿ ಮಂಕು. ಹೀಗೆ ಏನನ್ನೂ ನೋಡದೆ ಎಷ್ಟು ಹುಡುಗಿಯರು ಡಿಗ್ರಿ ಮುಗಿಸಿ ಹೋಗಿರಬಹುದು ಎಂದು ಮನೆಗೆ ನಡೆಯುವಾಗ ಮುನಿತಾಯಮ್ಮ ಯೋಚಿಸಿದರು. ಅಂದು ರಾತ್ರಿಯ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಮಾರನೆಯ ದಿನ ಮೋಹನ್ ಕುಮಾರರ ಲ್ಯಾಬಿನಲ್ಲಿ, ಕಂಪ್ಯೂಟರಿನ ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಕ್ಯಾಮೆರಾವೊಂದು ಕೂತಿತ್ತು. ಅದರ ಮುಂದೆ ಬಂದವರ ಮುಖ ಪರದೆಯ ಮೇಲೆ ಕಾಣುತ್ತಿತ್ತು.

"ಇದನ್ನ ಮೈಕ್ರೋಸ್ಕೋಪ್ ಮೇಲಿಟ್ರೆ?" ಎಂದು ಮುನಿತಾಯಮ್ಮ ಕೇಳಿದರು.

ಮೋಹನ್ ಕುಮಾರ್ ತಲೆ ಕೆರೆದುಕೊಂಡರು. "ಗೊತ್ತಿಲ್ಲ ಮೇಡಂ. ಫೋಕಸ್ ಆಗುತ್ತೋ ಇಲ್ವೋ. ಟ್ರೈ ಮಾಡೋಣ."

ಮೊದಲು ಪರದೆ ಕಪ್ಪಾಗಿಯೇ ಉಳಿಯಿತು. ದೀಪ ಹತ್ತಿರ ತಂದರೆ ಬರಿಯ ಬಿಳುಪು. ಕೈಯಲ್ಲಿ ಹಿಡಿದರೆ ಕೈ ನಡುಗಿ ಎಲ್ಲವೂ ಅಲ್ಲಾಡುತ್ತಿತ್ತು. ಮುನಿತಾಯಮ್ಮ ಮಾಗಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಸೂಕ್ಷ್ಮದರ್ಶಕದ ಕಣ್ಣಿಗೆ ಹೊಂದುವ ನೀರಿನ ಪೈಪಿನ ತುಂಡೊಂದನ್ನು ಆರಿಸಿ ತಂದರು. ಒಳಗೆ ಕಪ್ಪು ಕಾಗದ ಅಂಟಿಸಿ, ಕ್ಯಾಮೆರಾವನ್ನು ಅದರೊಳಗೆ ಕೂರಿಸಿದರು. ಹಿತ್ತಲಿನ ಕನ್ನೆಸೊಪ್ಪಿನ ಎಲೆಯಿಂದ ತೆಳ್ಳನೆಯ ಸಿಪ್ಪೆ ಎಳೆದು ಗಾಜಿನ ಮೇಲಿಟ್ಟರು. ತಿರುಪನ್ನು ಮೆಲ್ಲಗೆ ತಿರುಗಿಸುತ್ತಿದ್ದಂತೆ, ಮಂಜಿನೊಳಗಿಂದ ಎದ್ದುಬರುವ ಹಾಗೆ ಹಸಿರು ಅಂಚುಗಳು ಮೂಡಿದವು.

"ಮೇಡಂ, ಬಂತು" ಎಂದರು ಮೋಹನ್ ಕುಮಾರ್. ಸ್ವಲ್ಪ ಹೊತ್ತು ನೋಡಿ, "ಇದೇನಾ ಎಲೆ ಉಸಿರಾಡೋ ಬಾಯಿ? ನಾನು ಇವತ್ತೇ ನೋಡ್ತಿರೋದು" ಎಂದರು.

ಮುಂದಿನ ತರಗತಿಯಲ್ಲಿ ಮುನಿತಾಯಮ್ಮ ಪುಸ್ತಕಗಳನ್ನು ಮುಚ್ಚಿಸಿದರು. ಗೋಡೆಯ ಮೇಲೆ ರಂಧ್ರಗಳು ಅಂಗೈಯಗಲ ತೆರೆದು ನಿಂತಿದ್ದವು. ಸಿಪ್ಪೆಯ ಅಂಚಿಗೆ ಒಂದು ಹನಿ ಉಪ್ಪುನೀರು ಬಿಟ್ಟು ಪಕ್ಕಕ್ಕೆ ಸರಿದರು. ಹಿಂದಿನ ಬೆಂಚಿನಿಂದ ಸುವರ್ಣಾ ಮೆಲ್ಲಗೆ, "ಮೇಡಂ, ಬಾಯಿ ಮುಚ್ಚಾಕತ್ತೇತ್ರಿ" ಎಂದಳು. ಹೌದು, ಪ್ರತಿ ರಂಧ್ರದ ಅಂಚುಗಳು ಎರಡು ತುಟಿಗಳಂತೆ ನಿಧಾನವಾಗಿ ಒಂದಕ್ಕೊಂದು ಹತ್ತಿರ ಬರುತ್ತಿದ್ದವು. ಪೆನ್ಸಿಲ್ಲುಗಳು ಮತ್ತೆ ಓಡತೊಡಗಿದವು.

"ಕಂಡಿದ್ದನ್ನ ಮಾತ್ರ ಬರೀರಿ" ಎಂದರು ಮುನಿತಾಯಮ್ಮ.

ಸಮಿತಿಯವರು ಬಂದರು. ಊಟವಾದ ಮೇಲಿನ ಹೊತ್ತು. ಬಾಗಿಲಲ್ಲಿ ನಿಂತು ನೋಡಿ, ತಲೆಯಾಡಿಸಿ, ಮುಂದಿನ ಕೊಠಡಿಗೆ ಹೋದರು. ಅದರಿಂದ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಪೇಚಿಗೆ ಸಿಕ್ಕಿಸಿದ್ದು ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆ. ಬೇರೆ ಕಾಲೇಜಿನಿಂದ ಪರೀಕ್ಷಕರಾಗಿ ಬಂದಿದ್ದ ವೆಂಕಟಗಿರಿ ಅನುಭವಸ್ಥರು. ಸುವರ್ಣಾಳ ಚಿತ್ರ ನೋಡಿ ಹುಬ್ಬು ಗಂಟಿಕ್ಕಿ, ಅರ್ಧಕ್ಕರ್ಧ ಅಂಕ ಕಡಿದರು.

"ಏನ್ ಮೇಡಂ ಇದು? ಒಂದು ರಂಧ್ರ ಅರ್ಧ ಮುಚ್ಚಿದೆ. ಪಕ್ಕದ ಕೋಶ ಹರಿದುಹೋಗಿದೆ, ಅದನ್ನೂ ಬರೆದಿದಾಳೆ. ಪುಸ್ತಕದಲ್ಲಿ ಹೀಗಿಲ್ವಲ್ಲ."

ಮುನಿತಾಯಮ್ಮ ಇಷ್ಟು ವರ್ಷ ಪರೀಕ್ಷಕರ ಜೊತೆ ವಾದಿಸಿದವರಲ್ಲ. ಅಂದು ಮಾತ್ರ ಸುಮ್ಮನಿರಲಾಗಲಿಲ್ಲ. "ಹರಿದಿದ್ರೆ ಹರಿದಿದೆ ಅಂತಲೇ ಬರೀಬೇಕಲ್ವಾ ಸಾರ್. ಅವಳ ಸ್ಲೈಡ್ ಇನ್ನೂ ಅಲ್ಲೇ ಇದೆ. ಒಂದ್ಸಲ ನೋಡಿ."

ವೆಂಕಟಗಿರಿ ಬಗ್ಗಿ ನೋಡಿದರು. ಸರಿಯಾಗಿ ಕಾಣದೆ ಕನ್ನಡಕ ತೆಗೆದು ಒರೆಸಿಕೊಂಡರು. ಮುನಿತಾಯಮ್ಮ ಕ್ಯಾಮೆರಾ ಜೋಡಿಸಿ ಕಂಪ್ಯೂಟರ್ ಹಚ್ಚಿದರು. ಪರದೆಯ ಮೇಲೆ ಅರ್ಧ ಮುಚ್ಚಿದ ರಂಧ್ರ, ಅದರ ಪಕ್ಕದಲ್ಲಿ ಹರಿದ ಕೋಶ. ವೆಂಕಟಗಿರಿ ಚಿತ್ರವನ್ನೂ ಪರದೆಯನ್ನೂ ಒಂದಾದ ಮೇಲೊಂದು ನೋಡಿ, ಕಡಿದ ಅಂಕವನ್ನು ಹಿಂದಕ್ಕೆ ಕೊಟ್ಟರು.

ಆಮೇಲೆ ಕಾಫಿ ಕುಡಿಯುತ್ತ ಹೇಳಿದರು: "ನಾನು ನೋಡ್ದೆ, ಸರಿ. ಎಲ್ಲಾ ಎಕ್ಸಾಮಿನರ್ರೂ ನೋಡ್ತಾರೆ ಅಂತ ನಂಬ್ಕೋಬೇಡಿ. ಮಾರ್ಕ್ಸ್ ಹೋಗೋದು ಮಕ್ಕಳದು."

ಮಾತು ಸುಳ್ಳಾಗಿರಲಿಲ್ಲ. ರಜೆಯುದ್ದಕ್ಕೂ ಅದು ಮುನಿತಾಯಮ್ಮನವರ ತಲೆಯಲ್ಲಿ ಕೊರೆಯಿತು. ಜೂನ್‌ನಲ್ಲಿ ಕಾಲೇಜು ತೆರೆದಾಗ ಹೊಸ ಕ್ರಮವೊಂದನ್ನು ತಂದರು: ಕಂಡದ್ದನ್ನು ಬರೆಯಿರಿ, ಅದು ಪುಸ್ತಕಕ್ಕಿಂತ ಏಕೆ ಬೇರೆಯಾಗಿದೆ ಎಂದು ಪಕ್ಕದಲ್ಲೇ ಎರಡು ಸಾಲಿನಲ್ಲಿ ತಿಳಿಸಿ. ಕೆಲಸ ಹೆಚ್ಚಾಯಿತೆಂದು ಕೆಲವು ಹುಡುಗಿಯರು ಗೊಣಗಿದರು. ಆದರೆ ಆ ಎರಡು ಸಾಲು ಓದಿದ ಯಾವ ಪರೀಕ್ಷಕರೂ ಆಮೇಲೆ ಅಂಕ ಕಡಿಯಲಿಲ್ಲ. ಪಾಠದ ಚಿತ್ರಗಳಿಗೆ ಮುನಿತಾಯಮ್ಮ ಮತ್ತೆ ಸೀಮೆಸುಣ್ಣವನ್ನೇ ಹಿಡಿದರು. ಅಲ್ಲಾಡುವುದನ್ನು, ಮುಚ್ಚಿ ತೆರೆಯುವುದನ್ನು ತೋರಿಸಬೇಕಾದಾಗ ಮಾತ್ರ ಕಂಪ್ಯೂಟರ್.

ಸುವರ್ಣಾ ಎಂ.ಎಸ್ಸಿ.ಗೆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸೇರಿದಳು. ಕೆಲವು ವರ್ಷಗಳ ಮೇಲೆ, ಮಾಗಡಿ ರಸ್ತೆಯಲ್ಲಿ ಅಗೆತ ನಡೆದು ಧೂಳೆದ್ದ ಕಾಲದಲ್ಲಿ, ಅನು ಎಂಬ ಹುಡುಗಿ ಬಸ್ ಸ್ಟಾಪಿನ ಹೊಂಗೆ ಮರದ ಎಲೆಯೊಂದನ್ನು ತರಗತಿಗೆ ತಂದಳು. ಪರದೆಯ ಮೇಲೆ ನೋಡಿದರೆ ರಂಧ್ರಗಳ ಬಾಯಲ್ಲೆಲ್ಲ ಕರಿಯ ಹುಡಿ ಕೂತಿತ್ತು.

"ಇದಕ್ಕೆ ಉಸಿರಾಡಕ್ಕಾಗುತ್ತಾ ಮೇಡಂ?"

"ಗೊತ್ತಿಲ್ಲ ಕಣೇ" ಎಂದರು ಮುನಿತಾಯಮ್ಮ. "ಜ್ಞಾನಭಾರತಿ ಕಡೆ ಧೂಳಿಲ್ಲ. ಅಲ್ಲಿಂದಲೂ ಹೊಂಗೆ ಎಲೆ ತಗೊಂಡ್ ಬಾ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ."

ಅನು ಶನಿವಾರವೇ ಹೊರಟಳು. ಜೊತೆಗೆ ಅವಳ ಬೆಂಚಿನವರೆಲ್ಲ ಹೋದರು.