ಮಹಾದೇವಿಯ ಮಾತು, ಜೀನತರ ನಾಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಬೈಯ ವಡಾಲ ಸ್ಟೇಶನ್ನಿನ ಹೊರಗಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಜೀನತ ಪಾವ್ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಾರೆ. ಪಕ್ಕದಲ್ಲಿ ಮಹಾದೇವಿ. ಇಳಕಲ್ ಸೀರೆ, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಅವರ ಚಹಾ ಆರಿ ಕೆನೆಗಟ್ಟಿದೆ. ಇವತ್ತು ಅವರ ವೀಸಾ ಸಂದರ್ಶನ. ಹಿಂದೆ ಒಮ್ಮೆ ಆಗಿ ಕೆಟ್ಟಿದೆ, ಇದು ಎರಡನೆಯದು. ಇವತ್ತೂ ಅಧಿಕಾರಿಗೆ ನಂಬಿಕೆ ಬರದಿದ್ದರೆ ಅರ್ಜಿ ಮುಗಿದಂತೆ. ಗಂಡ ಪರದೇಶದಲ್ಲಿ, ಹೆಂಡತಿ ಇಲ್ಲಿ.

ಆದರೆ ಜೀನತ ಕೇಳುತ್ತಿರುವುದು ಚಟ್ನಿಯ ವಿಷಯ.

"ನಿಮ್ಮ ಕಡಿ ಶೇಂಗಾ ಹಿಂಡಿಗೆ ಬೆಲ್ಲ ಹಾಕ್ತಾರೇನವಾ?"

"ಯಾರ್ ಹಾಕ್ತಾರಕ್ಕಾ ಬೆಲ್ಲಾ? ಅದೇನು ಹಿಂಡಿನೋ, ಉಂಡಿನೋ?"

"ಜೋಗೇಶ್ವರ್ಯಾಗ ನಮ್ಮ ಬಾಜೂದಾಕಿ ಹಾಕ್ತಾಳ."

"ಆಕಿ ಕೈಯಾಗ ಉಣಬ್ಯಾಡ್ರಿ."

ಇಬ್ಬರೂ ನಗುತ್ತಾರೆ. ದೂರದಿಂದ ನೋಡಿದವರಿಗೆ ಇದು ಹೊತ್ತು ಕಳೆಯುವ ಹರಟೆ. ಜೀನತರಿಗೆ ಇದು ದಿನದ ಕೆಲಸದ ಮೊದಲ ಭಾಗ. "ಆಕಿ ದನಿ ನನ್ನ ಕಿವಿಗಿ ಕೂಡಬೇಕು, ನನ್ನ ದನಿ ಆಕಿ ಕಿವಿಗಿ. ಹಿಂಗ ಕೇಳ್ತಾರ, ಹಿಂಗ ಹೇಳು ಅಂತ ನಾ ಕಲಿಸಲ್ಲ. ಕಲಿಸಿದ ಮಾತು ಬಾಯಾಗ ಬ್ಯಾರೇನೇ ಬರ್ತದ, ಅವರಿಗಿ ಗೊತ್ತಾಗ್ತದ" ಎನ್ನುತ್ತಾರೆ.

ಜೀನತ ದುಭಾಷಿ. ಪರದೇಶದಲ್ಲಿರುವ ಗಂಡನ ಬಳಿಗೋ ಹೆಂಡತಿಯ ಬಳಿಗೋ ಹೋಗಬೇಕಾದವರನ್ನು ವೀಸಾ ಕಚೇರಿ ಸಂದರ್ಶನಕ್ಕೆ ಕರೆಯುತ್ತದೆ. ಮದುವೆ ನಿಜವಾದದ್ದೋ, ಕಾಗದಕ್ಕಾಗಿ ಮಾಡಿಕೊಂಡದ್ದೋ ಎಂದು ನೋಡುತ್ತದೆ. ಇಂಗ್ಲಿಷ್ ಬಾರದವರು ತಮ್ಮ ದುಭಾಷಿಯನ್ನು ತಾವೇ ಆರಿಸಿ ಕರೆದೊಯ್ಯಬಹುದು. ಮುಂಬೈಯಲ್ಲಿರುವ ಉತ್ತರ ಕರ್ನಾಟಕದವರಲ್ಲಿ ಅಂಥವರಿಗೆ ಯಾರಾದರೊಬ್ಬರು ಜೀನತರ ಹೆಸರು ಹೇಳುತ್ತಾರೆ. ಬೋರ್ಡಿಲ್ಲ, ಕಾರ್ಡಿಲ್ಲ. ಯಾವ ದೇಶ, ಯಾವ ಕಚೇರಿ ಎಂದು ಬರೆಯಬಾರದೆಂಬುದು ಈ ಲೇಖನಕ್ಕೆ ಅವರು ಹಾಕಿದ ಒಂದೇ ಷರತ್ತು.

ಬೆಂಚಿನ ಆ ತುದಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತವರು ಅನಿಲಕುಮಾರ, ಮಹಾದೇವಿಯ ಗಂಡನ ಅಣ್ಣ. ಗೋದಾಮೊಂದರಲ್ಲಿ ಸೂಪರ್‌ವೈಸರ್. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ.

"ನಾನೂ ಒಳಗ ಬರ್ತೀನ್ರಿ. ಬಾಯಿ ತೆಗ್ಯಂಗಿಲ್ಲ."

"ನೀವು ಬಾಯಿ ತೆಗೀಲಿಲ್ಲಂದ್ರೂ ಆಕಿ ಬಾಯಿ ಮುಚ್ಚತದ್ರಿ. ಇಲ್ಲೇ ಕೂಡ್ರಿ. ಇಲ್ಲಿ ವಡಾಪಾವ್ ಛಲೋ ಇರ್ತದ" ಎನ್ನುತ್ತಾರೆ ಜೀನತ. ಅನಿಲಕುಮಾರ ಕೂಡುತ್ತಾರೆ. ಅವರಿಗೆ ಸಿಟ್ಟಿದೆ, ಆದರೆ ತಾವು ಹೋಗಿ ಏನಾಯಿತೆಂಬುದೂ ನೆನಪಿದೆ.

ಮೊದಲ ಸಂದರ್ಶನಕ್ಕೆ ದುಭಾಷಿಯಾಗಿ ಹೋದವರು ಅವರೇ. ಮನೆಯವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಮನೆಯಲ್ಲೇ ಇಂಗ್ಲಿಷ್ ಇರುವಾಗ ಹೊರಗಿನವರೇಕೆ? ಕಿಟಕಿಯ ಆಚೆ ಕುಳಿತ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: ನಿಮ್ಮ ಗಂಡನ ಹೆಸರೇನು? ಮಹಾದೇವಿ ಸೆರಗು ಎಳೆದುಕೊಂಡು ತಲೆ ತಗ್ಗಿಸಿದರು. ಅವರ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅದೂ ಭಾವ ಪಕ್ಕದಲ್ಲೇ ಕುಳಿತಾಗ! ಅನಿಲಕುಮಾರ ತಾವೇ "ಸುಭಾಷ" ಎಂದರು. ಫೋನಿನಲ್ಲಿ ನೀವಿಬ್ಬರೂ ಏನು ಮಾತಾಡುತ್ತೀರಿ? ಮಹಾದೇವಿ ಸುಮ್ಮನೆ. ಅನಿಲಕುಮಾರ ಅದಕ್ಕೂ ಉತ್ತರ ಕೊಟ್ಟರು. ಎಲ್ಲ ಉತ್ತರಗಳೂ ಸರಿಯಿದ್ದವು, ಒಂದೂ ಮಹಾದೇವಿಯದಾಗಿರಲಿಲ್ಲ. ಈ ಹೆಂಗಸಿಗೆ ಗಂಡನ ಪರಿಚಯವೇ ಇಲ್ಲ ಎಂದು ಆ ಕಚೇರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

"ನಾ ಆಕಿಗಿ ಮದತ್ ಮಾಡ್ದೆ ಅಂತ ತಿಳ್ಕೊಂಡಿದ್ದೆ" ಎನ್ನುತ್ತಾರೆ ಅನಿಲಕುಮಾರ, ಪಾವಿನ ಕಾಗದವನ್ನು ಮಡಿಸುತ್ತ. "ತಮ್ಮಗ ಹೆಂಗ ಮಾರಿ ತೋರಸ್ಲಿ ಹೇಳ್ರಿ."

ತಮ್ಮ ಸುಭಾಷ ವೆಲ್ಡರ್. ಇಲ್ಲಿ ಹಡಗು ರಿಪೇರಿಯಲ್ಲಿ ಕೆಲಸ ಕಲಿತು, ಅಲ್ಲಿಯ ಹಡಗುಕಟ್ಟೆಗೆ ಹೋಗಿ, ವರ್ಷಗಟ್ಟಲೆ ದುಡಿದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವ ಹಕ್ಕು ಪಡೆದವರು.

ಎರಡನೆಯ ಬಾರಿಗೆ ಯಾರು ಎಂಬ ಪ್ರಶ್ನೆ ಬಂದಾಗ ತೀರ್ಮಾನ ಕೈಗೆತ್ತಿಕೊಂಡವರು ಅತ್ತೆ ರುಕ್ಮಿಣಿಬಾಯಿ. ಓಣಿಯ ಏಜೆಂಟನೊಬ್ಬ ತಾನೇ ಬರುತ್ತೇನೆಂದ. ಅವರಿಗೆ ಏನು ಬೇಕೋ ಅದನ್ನು ಹೇಳಿ ಮುಗಿಸುತ್ತೇನೆ ಎಂದ. "ಅವರಿಗಿ ಬೇಕಾದ್ದು ಹೇಳ್ಲಾಕ ನನ್ನ ಸೊಸಿ ಯಾಕ ಬೇಕು, ನೀನೇ ಹೋಗಿ ಸುಭಾಷನ ಜೋಡಿ ಇರು" ಎಂದು ರುಕ್ಮಿಣಿಬಾಯಿ ಕಳಿಸಿದರು. ಮೇಲಿನ ಮಹಡಿಯ ಮಾಧುರಿ ಕಾಲೇಜು ಹುಡುಗಿ, ಇಂಗ್ಲಿಷ್ ನೀರಿನಂತೆ ಹರಿಯುತ್ತದೆ. ಕನ್ನಡ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಯಾಗುತ್ತದೆ. "ಆಂಟಿ, ಮನೆಯ ಮಾತು ಸಮಝ್ ಆಗ್ತದೆ, ಆದರೆ ಮಹಾದೇವಿ ಭಾಭಿ ಫಾಸ್ಟ್ ಬೋಲಿದರೆ ನನಗೆ ಬರಲ್ಲ" ಎಂದು ಅವಳೇ ಒಪ್ಪಿಕೊಂಡಳು. ರುಕ್ಮಿಣಿಬಾಯಿಗೆ ಆ ಪ್ರಾಮಾಣಿಕತೆ ಹಿಡಿಸಿತು. ಜೋಗೇಶ್ವರಿಯ ವಿಳಾಸ ಹುಡುಕಿ ಕೊಟ್ಟವಳೂ ಅವಳೇ.

ಜೋಗೇಶ್ವರಿಯ ಚಾಳಿನ ವಠಾರದಲ್ಲಿ ಜೀನತರದು ಒಂದೇ ಕೋಣೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಅತ್ತೆ ಸೊಸೆ ಹೋದ ದಿನ ಅವರು ಮಹಾದೇವಿಗೆ ಒಂದು ಪ್ರಶ್ನೆ ಕೇಳಿದರು. ಮಹಾದೇವಿ ಅತ್ತೆಯ ಮುಖ ನೋಡಿದರು. ಜೀನತ ಎದ್ದು, "ಆಯಿ, ಹೊರಗ ನಮ್ಮವರ ರಿಕ್ಷಾ ನಿಂತದ, ಮಾರ್ಕೆಟಿಗಿ ಹೋಗಿ ಮೆಂತ್ಯ ಪಲ್ಲೆ ತರ್ತೀರೇನು?" ಎಂದರು. ರುಕ್ಮಿಣಿಬಾಯಿ ಜಾಣೆ. ಪಲ್ಲೆ ತರಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ರಿಕ್ಷಾ ಜೀನತರ ಗಂಡನದು. ಗಂಡನ ಹೆಸರು ಕೇಳಿದರೆ ಜೀನತ ಬಾಗಿಲ ಕಡೆ ಮುಖ ತಿರುಗಿಸುತ್ತಾರೆ ಅಷ್ಟೆ. ಅಬ್ರಾರ ಎಂದು ಹೇಳಿದ್ದು ಬಾಗಿಲಲ್ಲಿ ನಿಂತ ಅವರೇ. "ಊರ ಮಂದಿ ಗಂಡ-ಹೆಂಡ್ತಿ ಕತಿ ಎಲ್ಲಾ ಇಕಿ ಕಿವ್ಯಾಗ ಅದ. ನನಗ ಒಂದೂ ಹೇಳಿಲ್ರೀ. ಟೀವಿ ಸೀರಿಯಲ್ ನೋಡಿ ಸಮಾಧಾನ ಮಾಡ್ಕೋತೀನಿ" ಎಂದು ದೂರುತ್ತಾರೆ.

ಜೀನತ ಹುಟ್ಟಿ ಬೆಳೆದದ್ದು ವಡಾಲದಲ್ಲೇ. ತಂದೆ ಗುಡುಸಾಬ ಕಲಬುರಗಿ ಕಡೆಯಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡಿದವರು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಮತ್ತು ಮುನಸಿಪಾಲ್ಟಿ ಶಾಲೆಯಲ್ಲಿ ಕನ್ನಡ, ರಸ್ತೆಯಲ್ಲಿ ಹಿಂದಿ ಮರಾಠಿ. ಓಣಿಯ ಹೆಂಗಸರು ಸರಕಾರಿ ದವಾಖಾನೆಗೆ ಹೋಗುವಾಗ ಈ ಹುಡುಗಿಯನ್ನು ಕರೆದೊಯ್ಯುತ್ತಿದ್ದರು. ಜೊತೆಗೆ ಗಂಡಂದಿರೂ ಇರುತ್ತಿದ್ದರು. ಡಾಕ್ಟರು ಎಲ್ಲಿ ನೋವು ಎಂದರೆ ಗಂಡ ಉತ್ತರ ಕೊಡುತ್ತಿದ್ದ. ಗಂಗುಬಾಯಿ ಎಂಬ ನೆರೆಯಾಕೆ ಒಂದು ದಿನ ಹೊರಗೆ ಬಂದು, "ನನ್ನ ಹೊಟ್ಟಿ ನೋವು ಇವರಿಗೇನು ಗೊತ್ತು? ಮುಂದಿನ ಸಲ ನಾ ಅಂದಿದ್ದಷ್ಟು ಹೇಳವಾ ಮಗಳ" ಎಂದರಂತೆ. "ನನ್ನ ಟ್ರೇನಿಂಗ್ ಅಷ್ಟೇ" ಎನ್ನುತ್ತಾರೆ ಜೀನತ. "ಗಂಗುಬಾಯಿ ಈಗಿಲ್ಲ. ಆಕಿ ಉಪಕಾರ ತೀರಸ್ಲಾಕ ಆಗಲ್ಲ."

ಇಂಗ್ಲಿಷ್ ಬಂದದ್ದು ಮುಂಬೈಯ ಫೋರ್ಟ್ ಬಡಾವಣೆಯಲ್ಲಿ. ವಕೀಲ ಶಶಿಕಾಂತರ ಕಚೇರಿಯಲ್ಲಿ ಅವರು ಮೊದಲಿನಿಂದಲೂ ಟೈಪಿಸ್ಟ್. ಪರದೇಶಕ್ಕೆ ಹೋಗುವವರ ಕಾಗದಪತ್ರ ಅಲ್ಲಿ ತಯಾರಾಗುತ್ತವೆ. ಗೊತ್ತುಮಾಡಿದ್ದ ದುಭಾಷಿ ಒಮ್ಮೆ ಬಾರದೆ ಹೋದಾಗ ವಕೀಲರು ಇವರನ್ನು ಕಳಿಸಿದರು. ಈಗಲೂ ಸಂದರ್ಶನವಿಲ್ಲದ ದಿನ ಅದೇ ಕುರ್ಚಿ, ಸಂಜೆ ಅದೇ ಕಿಕ್ಕಿರಿದ ಲೋಕಲ್ ರೈಲು, ಮನೆಗೆ ಬಂದ ಮೇಲೆ ಬ್ಲೌಸುಗಳ ಹೊಲಿಗೆ. ಇದನ್ನು ಸಮಾಜಸೇವೆ ಎಂದರೆ ಅವರು ಒಪ್ಪುವುದಿಲ್ಲ. "ಕೂಲಿ ತಗೋತೀನಿ. ಪುಕ್ಕಟ ಮಾಡಿದ್ರ ಮಂದಿ ತಮಗ ಬೇಕಾದಂಗ ಹೇಳು ಅಂತಾರ."

ಕೂಲಿ ಕೊಟ್ಟವರೂ ಹಾಗೆ ಕೇಳುತ್ತಾರೆ. ಒಬ್ಬಾಕೆ ಕಿಟಕಿಯ ಮುಂದೆ ತನ್ನ ಮೊದಲ ಮದುವೆಯ ಮಾತು ಬಾಯಿಬಿಟ್ಟಳು. ಕಾಗದದಲ್ಲಿ ಅದು ಇರಲಿಲ್ಲ. ಜೀನತ ಇದ್ದದ್ದನ್ನು ಇದ್ದಂತೆ ಹೇಳಿದರು, ವೀಸಾ ಸಿಗಲಿಲ್ಲ. ಆ ಮನೆಯವರು ಚಾಳಿಗೆ ಬಂದು ಕೂಗಾಡಿದರು. "ಒಂದು ಮಾತು ನುಂಗಿದ್ರ ನಿನ್ನ ಗಂಟೇನು ಹೋಗ್ತಿತ್ತು ಅಂದ್ರು. ಅವತ್ತು ನನಗ ಅನ್ನ ಹೋಗ್ಲಿಲ್ಲ. ಆದ್ರ ಮತ್ತ ಕೂಡ್ಸಿದ್ರ ಮತ್ತ ಹಂಗೇ ಹೇಳ್ತೀನಿ. ಇವತ್ತು ಒಬ್ಬರ ಮಾತು ನುಂಗಿದ್ರ ನಾಳಿ ಇನ್ನೊಬ್ಬರ ಖರೇ ಮಾತು ಯಾರು ನಂಬ್ತಾರ?" ಈ ಮಾತನ್ನು ಅವರು ಮಹಾದೇವಿಗೂ ಮೊದಲೇ ಹೇಳಿದ್ದಾರೆ. ನೀ ಅಂದದ್ದು ಅನ್ನುತ್ತೇನೆ, ನೀ ಸುಮ್ಮನಾದರೆ ನಾನೂ ಸುಮ್ಮನೆ.

ಕಿಟಕಿಯ ಮುಂದೆ ನಡೆದದ್ದನ್ನು ಜೀನತ ಹೇಳುವುದಿಲ್ಲ. ಹೇಳುವವರು ಮಹಾದೇವಿ. ಹಿಂತಿರುಗಿ ಬರುವಾಗ ಹಾರ್ಬರ್ ಲೈನಿನ ಲೋಕಲಿನಲ್ಲಿ, ಲೇಡೀಸ್ ಡಬ್ಬಿಯ ಗದ್ದಲದ ಮೇಲೆ ದನಿಯೆತ್ತಿ ಹೇಳುತ್ತಾರೆ. ಜೀನತ ಹೊರಗೆ ನೋಡುತ್ತ ನಿಂತಿರುತ್ತಾರೆ.

ಮತ್ತೆ ಅದೇ ಮೊದಲ ಪ್ರಶ್ನೆ. ಗಂಡನ ಹೆಸರೇನು? ಮಹಾದೇವಿ ತಲೆ ತಗ್ಗಿಸಿದರು. ಜೀನತ ಸುಮ್ಮನಿದ್ದರು. ಈ ಸಲದ ಅಧಿಕಾರಿಣಿ ಪೆನ್ನು ಹಿಡಿದು ಕಾದರು. "ಜೀನತಕ್ಕ ಹೇಳ್ಯಾಳು ಅಂತ ನೋಡ್ದೆ. ಕಲ್ಲಿನಂಗ ಕುಂತಾಳ್ರೀ. ಆಗ ನನಗ ಖರೇ ಗೊತ್ತಾತು, ಇಲ್ಲಿ ನನ್ನ ಬಿಟ್ಟು ಯಾರೂ ಇಲ್ಲ" ಎನ್ನುತ್ತಾರೆ ಮಹಾದೇವಿ. ಆಗ ಅವರಿಗೆ ಮದುವೆಯ ದಿನದ ಹೊಸ್ತಿಲು ನೆನಪಾಯಿತು. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಒಡಪಿನಲ್ಲಿ, ಪ್ರಾಸದ ಎರಡು ಸಾಲಿನಲ್ಲಿ, ಹೇಳದೆ ಒಳಗೆ ಬಿಡುವುದಿಲ್ಲ. ಹೆಸರು ಹಾಗೇ ಹೇಳುವಂತಿಲ್ಲ, ಒಡಪು ಕಟ್ಟಿ ಹೇಳಿದರೆ ದೋಷವಿಲ್ಲ. ಮಹಾದೇವಿ ಕಿಟಕಿಯ ಮುಂದೆಯೇ ಒಂದು ಕಟ್ಟಿದರು:

"ಹಡಗಿನ ಮ್ಯಾಲ ಹಾರತಾವ ಬೆಂಕಿ ಕಿಡಿ,
ಸುಭಾಷರಾಯರ ಹೆಸರ ಹೇಳೀನಿ, ಇನ್ನ ದಾರಿ ಬಿಡಿ."

ಜೀನತ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದರು, ದಾರಿ ಬಿಡಿ ಎಂಬುದನ್ನೂ ಸೇರಿಸಿ. ಅಧಿಕಾರಿಣಿ ಪೆನ್ನು ಕೆಳಗಿಟ್ಟು, ಹಾಡಿನಲ್ಲಿ ಏಕೆ ಹೇಳಿದಿರಿ ಎಂದು ಕೇಳಿದರು. ಮಹಾದೇವಿ ಹೊಸ್ತಿಲಿನ ಕತೆ ಹೇಳಿದರು. ಕೊನೆಯ ಜಗಳ ಯಾವುದಕ್ಕೆ ಎಂದು ಅಧಿಕಾರಿಣಿ ಕೇಳಿದರು. ಗಂಡ ಗೋಧಿ ಹಿಟ್ಟಲ್ಲಿ ತಾನೇ ಬಡಿದ ರೊಟ್ಟಿಯ ಫೋಟೋ ಕಳಿಸಿದ್ದ, ಇದೇನು ಯಾವ ದೇಶದ ನಕಾಶೆ ಎಂದು ತಾನು ನಕ್ಕದ್ದಕ್ಕೆ ಮುನಿಸಿಕೊಂಡು ಫೋನು ಇಟ್ಟ ಎಂದು ಮಹಾದೇವಿ ಹೇಳಿದರು. ಭಾವನ ಮುಂದೆ ಈ ಮಾತು ಬರುತ್ತಿರಲಿಲ್ಲ.

ಕೊನೆಯ ಪ್ರಶ್ನೆ: ನಮ್ಮ ದೇಶಕ್ಕೆ ಬರಲು ನಿಮಗೆ ಮನಸ್ಸಿದೆಯೇ?

"ಇಲ್ರಿ" ಎಂದರು ಮಹಾದೇವಿ. "ನಿಮ್ಮ ದೇಶಕ್ಕ ಬರ್ಲಾಕ ಮನಸಿಲ್ಲ. ಥಂಡಿ ಅಂತ, ಜ್ವಾಳ ಸಿಗಲ್ಲಂತ. ನಮ್ಮವರು ಅಲ್ಲಿ ಅದಾರ, ಅದಕ್ಕ ಬರ್ತೀನಿ."

ಆ 'ಇಲ್ಲ' ಒಂದೇ ಎಲ್ಲವನ್ನೂ ಕೆಡಿಸಬಹುದಿತ್ತು. ಅನಿಲಕುಮಾರರಾಗಿದ್ದರೆ ಬಹಳ ಮನಸ್ಸಿದೆ ಎನ್ನುತ್ತಿದ್ದರು. ಜೀನತ 'ಇಲ್ಲ' ಎಂಬುದನ್ನೇ ಮೊದಲು ಹೇಳಿದರು. ಮಹಾದೇವಿ ಹೇಳಿದ ಕ್ರಮದಲ್ಲೇ, ಥಂಡಿ, ಜೋಳ, ಕೊನೆಗೆ ಗಂಡ.

ವೀಸಾ ಬಂದಿದೆ. ಪಾಸ್‌ಪೋರ್ಟು ಕೈಗೆ ಬಂದ ಮರುದಿನವೇ ರುಕ್ಮಿಣಿಬಾಯಿ ಸೊಸೆಯೊಂದಿಗೆ ಜೋಗೇಶ್ವರಿಗೆ ಬಂದಿದ್ದಾರೆ. ಕಟಕ ರೊಟ್ಟಿಯ ಗಂಟು, ಬೆಲ್ಲವಿಲ್ಲದ ಶೇಂಗಾ ಹಿಂಡಿ, ಒಂದು ಕುಪ್ಪಸದ ಖಣ. ಜೀನತರಿಗೆ ಉಡಿ ತುಂಬುತ್ತ ರುಕ್ಮಿಣಿಬಾಯಿ, "ನನ್ನ ಸೊಸಿ ಹಿಂಗ ಮಾತಾಡ್ತಾಳಂತ ನನಗೇ ಗೊತ್ತಿರ್ಲಿಲ್ಲ ಯವ್ವಾ. ನಿನ್ನಿಂದ ನನಗೂ ಗೊತ್ತಾತು" ಎನ್ನುತ್ತಾರೆ. ಅನಿಲಕುಮಾರ ಬಂದಿಲ್ಲ, ಆದರೆ ಪೇಡೆ ಕಳಿಸಿದ್ದಾರೆ. ವಿಮಾನ ಬರುವ ವಾರ.

ನಿಮಗೇನಾದರೂ ಆಸೆಯಿದೆಯೇ ಎಂದರೆ ಜೀನತ ಖಣದ ಮಡಿಕೆ ಬಿಚ್ಚಿ ಅಂಚು ನೋಡುತ್ತಾರೆ. "ನನಗೇನ್ರಿ? ಹುಡುಗೇರು ಕನ್ನಡಾನೂ ಇಂಗ್ಲಿಷೂ ಎರಡೂ ಕಲ್ತು ಈ ಕೆಲಸಕ್ಕ ಬರ್ಲಿ. ಆ ಮಾಧುರಿಗಿ ನಾ ಹೇಳೀನಿ, ಐತವಾರ ಬಾ ಅಂತ."

ಹೊರಡುವಾಗ ಮಹಾದೇವಿ ಬಾಗಿಲಲ್ಲಿ ನಿಂತು ಹೇಳುತ್ತಾರೆ: "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಒಡಪು ಹೇಳಿದ ಮ್ಯಾಲ ನೀವು ಅಲ್ಲಿದ್ರಿ ಅನ್ನೂದೇ ನನಗ ಮರ್ತು ಹೋತು. ಆ ಆಫೀಸರ್ ಮೇಡಂ ಜೋಡಿ ನಾನೇ ಮಾತಾಡ್ದಂಗಾತು."

ಅತ್ತೆ ಸೊಸೆ ಮೆಟ್ಟಿಲಿಳಿದು ಹೋಗುವವರೆಗೆ ಜೀನತ ಬಾಗಿಲಲ್ಲೇ ನಿಂತಿದ್ದು, ಆಮೇಲೆ ರಿಕ್ಷಾ ಒರೆಸುತ್ತಿದ್ದ ಗಂಡನನ್ನು ಕೂಗುತ್ತಾರೆ.

"ಏನ್ರೀ, ಇಲ್ಲಿ ಬರ್ರಿ. ಇದೊಂದು ಹೇಳಬಹುದು ನಿಮಗ."