ಒಂದು ಓಟಿನಿಂದ ಸೋತ ಕಾಕಾ

ಎದುರು ಮನೆಯ ಕಾಕಾನ ಎಡಗಿವಿ ಸಂಜೆಯ ಹೊತ್ತಿಗೆ ಕಾಣಿಸುತ್ತಲೇ ಇರಲಿಲ್ಲ. ಮಗ್ಗದಲ್ಲಿ ಕೂತಾಗ ಕಡಿದ ನೂಲಿನ ತುಂಡುಗಳನ್ನು ನೆಲಕ್ಕೆ ಬಿಡದೆ ಆ ಕಿವಿಗೆ ಸುತ್ತಿಕೊಳ್ಳುವುದು ಅವರ ರೂಢಿ. ಕೆಂಪು, ಹಸಿರು, ಅರಿಸಿನ ಬಣ್ಣದ ಎಳೆಗಳು ಒಂದರ ಮೇಲೊಂದು ಸೇರಿ ಕಿವಿ ಗುಬ್ಬಿಗೂಡಿನಂತಾಗುತ್ತಿತ್ತು. ಹಾಗೆಯೇ ಪೇಟೆಗೆ ಹೋಗುತ್ತಿದ್ದರು, ಮದುವೆಗೂ ಹೋಗುತ್ತಿದ್ದರು. ಮುನಸಿಪಾಲಿಟಿ ಇಲೆಕ್ಷನ್ನಿಗೆ ಅರ್ಜಿ ಕೊಡಲು ತಾಲೂಕಿನ ಮಾಮಲೇದಾರರ ಮುಂದೆ ನಿಂತಾಗಲೂ ಹಾಗೆಯೇ ನಿಂತಿದ್ದರು. ನಾನು ಪಕ್ಕದಿಂದ ಕಿವಿ ಮುಟ್ಟಿ ಸನ್ನೆ ಮಾಡಿದೆ. ಅವರು ಅದನ್ನು ಬೇರೆಯೇ ತಿಳಿದುಕೊಂಡು, "ಕೇಳಸ್ತೈತಿ ಲೇ. ಸಾಹೇಬ್ರು ಇನ್ನಾ ಏನೂ ಅಂದಿಲ್ಲ" ಎಂದರು, ಕಚೇರಿಗೆಲ್ಲ ಕೇಳುವಂತೆ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ನನ್ನ ಅಪ್ಪ ಅವ್ವ ಒಂದೇ ವರ್ಷದಲ್ಲಿ ತೀರಿಕೊಂಡ ಮೇಲೆ ನಮ್ಮ ಮನೆಯ ಮಗ್ಗ ನಿಲ್ಲದಂತೆ ನೋಡಿಕೊಂಡವರು ಅವರು. ಊರಿನ ದೊಡ್ಡ ನೂಲಿನ ವ್ಯಾಪಾರಿಯ ತಂಗಿಯನ್ನು ನನಗೆ ತಂದು ಮದುವೆ ಮಾಡಿಸಿದವರೂ ಅವರೇ. ಹುಡುಗಿಯ ಕಡೆಯವರು ಸ್ಥಿತಿವಂತರು, ನಾನು ಒಂದು ಮಗ್ಗದವನು. ಅಂಥ ಸಂಬಂಧವನ್ನು ಅವರು ಏನು ಹೇಳಿ ಕುದುರಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ, "ಇರಲಿ ಬಿಡು, ಏನಾತ ಈಗ" ಎನ್ನುತ್ತಿದ್ದರು. ಎಲ್ಲದಕ್ಕೂ ಅವರದು ಅದೇ ಮಾತು. ಮಳೆ ಬಂದು ಹಾಸಿದ ನೂಲೆಲ್ಲ ತೋಯ್ದರೂ ಅದೇ, ಯಾರಾದರೂ ಬಾಯಿಗೆ ಬಂದಂತೆ ಬೈದು ಹೋದರೂ ಅದೇ.

ಸಂಸ್ಥಾನಗಳು ಹೋಗಿ ಮುಂಬೈ ಸರ್ಕಾರ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಓಣಿಯ ಬಾವಿಗೆ ಆಗ ಬಣ್ಣ ಇಳಿಯತೊಡಗಿತ್ತು. ಮೇಲಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ದೊಡ್ಡ ಮನೆಯೊಂದಿತ್ತು. ಅಲ್ಲಿ ಚೆಲ್ಲಿದ ನೀರು ಮಣ್ಣಿನ ಕಾಲುವೆಯಲ್ಲಿ ಹರಿದು ನಮ್ಮ ಬಾವಿಯ ಪಕ್ಕದಲ್ಲೇ ಇಂಗುತ್ತಿತ್ತು. ಜೋಳದ ನುಚ್ಚು ಮಾಡಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಕಲ್ಲಿನ ಗಟಾರ ಕಟ್ಟಿಸಿ ಆ ನೀರನ್ನು ಊರಾಚೆ ಸಾಗಿಸಬೇಕು, ಅದಕ್ಕೆ ನಮ್ಮವನೊಬ್ಬ ಮುನಸಿಪಾಲಿಟಿಯಲ್ಲಿ ಕೂರಬೇಕು ಎಂದು ಓಣಿಯವರೆಲ್ಲ ಸೇರಿ ಕಾಕಾನನ್ನು ನಿಲ್ಲಿಸಿದೆವು. ನಾನೇ ಅವರ ಏಜಂಟ. ಆಮೇಲೆ ಗೊತ್ತಾಯಿತು, ಎದುರಿಗೆ ನಿಂತವನು ಆ ಬಣ್ಣದ ಮನೆಯ ಮಾಲಕ. ಅಂದರೆ ನನ್ನ ಹೆಂಡತಿಯ ಅಣ್ಣ.

ಭಾವ ನನ್ನನ್ನು ಕರೆಸಿ ಒಂದೇ ಮಾತು ಹೇಳಿದ. "ನೀವು ಅವರ ಕೂಡ ತಿರಗಿದ್ರ ನಮ್ಮ ಹೊಸ್ತಿಲಾ ದಾಟಬ್ಯಾಡ್ರಿ. ನನ್ನ ತಂಗೀನೂ ದಾಟೂದು ಬ್ಯಾಡ."

ನಾನು ದಾಟಲಿಲ್ಲ. ಬಿಸಿ ರಕ್ತ. ಆದರೆ ಹೆಂಡತಿ ಆಗ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ತವರಿನಿಂದ ಸೀರೆ ಕುಬಸ ತಂದು ಉಡಿ ತುಂಬಬೇಕು, ಹೆರಿಗೆಗೆ ಕರೆದುಕೊಂಡು ಹೋಗಬೇಕು. ಎರಡು ಓಣಿ ಆಚೆಗಿದ್ದ ತವರಿನಿಂದ ಯಾರೂ ಬರಲಿಲ್ಲ. ಆಕೆ ಜಗಳಾಡಲಿಲ್ಲ, ಅಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ದಿನದಿನಕ್ಕೆ ಜೋರಾಯಿತು.

ಇಷ್ಟೆಲ್ಲ ಕಟ್ಟಿಕೊಂಡು ನಾನು ಮಗ್ಗ ನಿಲ್ಲಿಸಿ ಮನೆಮನೆ ತಿರುಗುತ್ತಿದ್ದರೆ ಕಾಕಾ ಮಾಡುತ್ತಿದ್ದುದೇನು? ಯಾರದೇ ಮನೆಗೆ ಹೋದರೂ ಮೊದಲು ಮಗ್ಗದ ಕುಣಿಗೆ ಇಳಿದು ಹಾಸಿನ ನೂಲು ಮುಟ್ಟಿ ನೋಡುವುದು. "ನೂಲಿಗೆ ಗಂಜಿ ಭಾಳ ಆಗೇತಿ ನೋಡು" ಎಂದು ಶುರುವಾದರೆ ಅರ್ಧ ತಾಸು. ನಾನು ಕೆಮ್ಮಿ ಕೆಮ್ಮಿ ಓಟಿನ ನೆನಪು ಮಾಡಿದರೆ, "ಹಾಂ, ಓಟು. ನೋಡ್ರೀ, ಹಸರ ಪೆಟಗಿ ನಂದು, ಹಳದಿ ಪೆಟಗಿ ಅವರದು. ಅವರೂ ಛಲೋ ಮನಷ್ಯಾರ ಅದಾರ. ವಿಚಾರ ಮಾಡಿ ಹಾಕ್ರಿ" ಎಂದು ಎದ್ದುಬಿಡುತ್ತಿದ್ದರು. ಹೊರಗೆ ಬಂದು ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ.

"ಕಾಕಾ, ಅವರನ್ನ ಹೊಗಳಾಕ ನಾವು ತಿರಗಾಕತ್ತೇವೇನ್ರಿ?"

"ಹೊಗಳಿಲ್ಲಲೇ. ಇದ್ದದ್ದ ಅಂದೆ."

ಓಟಿನ ದಿನ ಬಂತು. ಗಂಡುಮಕ್ಕಳ ಸಾಲೆಯಲ್ಲಿ ಸಂಜೆ ಐದರವರೆಗೆ ಮತದಾನ. ಕಾಕಾನ ನೆಂಟರೊಬ್ಬರು ತೇರದಾಳದಿಂದ ಎತ್ತಿನ ಗಾಡಿ ಕಳಿಸಿದ್ದರು. ನಡೆಯಲಾಗದವರನ್ನೆಲ್ಲ ಬೆಳಗಿನಿಂದ ನಾನೇ ಹೊತ್ತು ತಂದಿದ್ದೆ. ನಾಲ್ಕು ಗಂಟೆಗೆ ಪಟ್ಟಿಯಲ್ಲಿ ಉಳಿದವರು ಒಬ್ಬರೇ, ಊರ ಹೊರಗಿನ ತೋಟದ ಮನೆಯಲ್ಲಿದ್ದ ಒಬ್ಬ ಮುದುಕ ನೇಕಾರ. ಕಾಲು ಬಿದ್ದುಹೋದವನು, ಕಾಕಾನ ಹೆಸರೆತ್ತಿದರೆ ಕೈ ಮುಗಿಯುವವನು.

"ಅಜ್ಜನ್ನ ನಾ ಕರಕೊಂಡ ಬರ್ತೇನಿ. ನೀ ಮುಂಜಾನಿಂದ ನೀರ ಕುಡದಿಲ್ಲ, ಕುಂದ್ರು" ಎಂದು ಕಾಕಾ ತಾವೇ ಗಾಡಿ ಹತ್ತಿದರು. ಹೋಗಿ ಬರಲು ಮುಕ್ಕಾಲು ತಾಸು ಸಾಕು. ನಾನು ಒಪ್ಪಿದೆ. ಆ ಒಪ್ಪಿಗೆಗಾಗಿ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಅರ್ಧ ತಾಸಿನೊಳಗೇ ಗಾಡಿ ಸಾಲೆಯ ಮುಂದೆ ನಿಂತಿತು. ಬೇಗ ಬಂದರಲ್ಲ ಎಂದು ಓಡಿಹೋದೆ. ಕಾಕಾ ಕೆಳಗಿಳಿದು ಎರಡೂ ಕೈ ಚಾಚಿದ್ದರು. ಗಾಡಿಯಿಂದ ಇಳಿದವಳು ನನ್ನ ಅತ್ತೆ. ಭಾವನ ತಾಯಿ.

ಮಗಳ ವಿಷಯಕ್ಕೆ ಮಗನ ಮೇಲೆ ಮುನಿಸಿಕೊಂಡು ಓಟೇ ಹಾಕುವುದಿಲ್ಲವೆಂದು ಕೂತಿದ್ದ ಆಕೆ, ಕೊನೆಗೆ ಕರುಳು ತಡೆಯದೆ ಒಬ್ಬಳೇ ಹೊರಟಿದ್ದಳಂತೆ. ಅರ್ಧ ದಾರಿಯಲ್ಲಿ ಮೊಣಕಾಲು ಹಿಡಿದು ಬೇವಿನ ಮರದ ಕೆಳಗೆ ಕೂತುಬಿಟ್ಟಿದ್ದಳು. ದೂರದಿಂದ ಕಂಡ ಕಾಕಾ ತೋಟದ ದಾರಿ ಬಿಟ್ಟು ಅತ್ತ ಗಾಡಿ ಹೊಡೆದು ಕರೆದಾಗ, "ತಮ್ಮಾ, ನಾ ನನ್ನ ಮಗಗ ಹಾಕಾಕಿ. ಮೊದಲ ಹೇಳತೇನಿ" ಎಂದಳಂತೆ. "ಹಾಕ್ರಿ ಅಕ್ಕಾರ. ಮೊದಲ ಹತ್ರಿ" ಎಂದು ಇವರು ಗಾಡಿ ತಿರುಗಿಸಿಬಿಟ್ಟರು. ಇದನ್ನೆಲ್ಲ ನನಗೆ ಹೇಳಿದವರು ಕಾಕಾನೇ, ನಗುತ್ತ.

ಹಳದಿ ಪೆಟ್ಟಿಗೆಯ ಕಡೆಯವರು ಬಾಯಿಗೆ ಪಂಜೆ ಅಡ್ಡ ಹಿಡಿದು ನಗುತ್ತಿದ್ದರು. ನಾನು ಹಲ್ಲು ಕಚ್ಚಿ ಕೇಳಿದೆ, "ಅಜ್ಜ ಎಲ್ಲಿ?"

"ಹೊಂಟೆ, ಈಗ ಹೊಂಟೆ" ಎಂದವರು ಹೊರಡುವ ಮೊದಲು ಎತ್ತಿನ ಕೊರಳ ಹಗ್ಗ ಬಿಗಿಯಾಗಿದೆಯೆಂದು ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. ಅವರು ಅಜ್ಜನನ್ನು ಕರೆತಂದಾಗ ಸಾಲೆಯ ಬಾಗಿಲು ಮುಚ್ಚಿ ಐದಾರು ನಿಮಿಷವಾಗಿತ್ತು. ಅಜ್ಜ ಗಾಡಿಯಲ್ಲೇ ಕೂತು ಮುಚ್ಚಿದ ಬಾಗಿಲಿಗೆ ಕೈ ಮುಗಿದ.

ಮರುದಿನ ಬೆಳಿಗ್ಗೆ ಮುನಸಿಪಾಲಿಟಿ ಕಚೇರಿಯಲ್ಲಿ ಎಣಿಕೆ. ಜಮಖಂಡಿಯಿಂದ ಬಂದ ಮಾಮಲೇದಾರರ ಎದುರಿಗೆ ಎರಡೂ ಪೆಟ್ಟಿಗೆ ಒಡೆದು, ಚೀಟಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಮೇಜಿನ ಮೇಲೆ ಜೋಡಿಸಿದರು. ಹಸಿರಿನ ಸಾಲು, ಹಳದಿಯ ಸಾಲು ಒಂದರ ಪಕ್ಕಕ್ಕೊಂದು ಬೆಳೆಯುತ್ತ ಹೋದವು. ಕಟ್ಟುಗಳು ಸಮ ಸಮ. ಉಳಿದ ಬಿಡಿ ಚೀಟಿಗಳಲ್ಲಿ ಹಳದಿಯ ಕಡೆ ಒಂದು ಹೆಚ್ಚು. ನಾನು ಮತ್ತೆ ಎಣಿಸಿರೆಂದು ಬೇಡಿಕೊಂಡೆ. ಮಾಮಲೇದಾರರು ಬೇಸರಿಸದೆ ಎಣಿಸಿದರು. ಆಗಲೂ ಒಂದು. ಹಳದಿ ಪೆಟ್ಟಿಗೆಯವರು ಒಂದು ಓಟಿನಿಂದ ಆರಿಸಿ ಬಂದಿದ್ದಾರೆಂದು ಓದಿ ಹೇಳಿ ಸಹಿ ಮಾಡಿದರು.

ಲೆಕ್ಕ ಹಾಕಲು ಯಾರ ನೆರವೂ ಬೇಕಿರಲಿಲ್ಲ. ಅತ್ತೆ ಮರದ ಕೆಳಗೇ ಕೂತಿದ್ದರೆ ಅವರಿಗೆ ಒಂದು ಕಡಿಮೆ, ಅಜ್ಜ ಹೊತ್ತಿಗೆ ಬಂದಿದ್ದರೆ ನಮಗೆ ಒಂದು ಹೆಚ್ಚು. ನಾವು ಗೆದ್ದಿರುತ್ತಿದ್ದೆವು. ಕಾಕಾ ನೆಟ್ಟಗೆ ಭಾವನ ಹತ್ತಿರ ಹೋಗಿ ಕೈ ಹಿಡಿದು, "ಛಲೋ ಆತು. ಗಟಾರದ್ದೊಂದು ಮರೀಬ್ಯಾಡ್ರಿ" ಎಂದರು. ನಾನು ಅವರನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

"ಏನಾತ್ರಿ?" ಎಂದಳು ಹೆಂಡತಿ.

"ನಿಮ್ಮಣ್ಣ ಗೆದ್ದ."

ಆಕೆ ತಾಟು ತೆಗೆದಿಟ್ಟಳು. "ಊಟಕ್ಕ ಬಡಸ್ಲೇನು?" ಎಂದಳು.

ಊಟ ಬಿಟ್ಟು ಎದುರು ಮನೆಗೆ ನುಗ್ಗಿದೆ. ಕಾಕಾ ಆಗಲೇ ಮಗ್ಗದ ಕುಣಿಗೆ ಇಳಿದಿದ್ದರು.

"ನಿಮ್ಮ ಸಲುವಾಗಿ ನಾ ಬೀಗರನ್ನ ಬಿಟ್ಟೆ. ನೀವು ನೋಡಿದ್ರ ಅದ ಬೀಗರನ್ನ ಗಾಡ್ಯಾಗ ಕುಂದ್ರಿಸಿಕೊಂಡ ಬಂದ್ರಿ."

"ಮೊಣಕಾಲ ಬಾತಿತ್ತಲೇ ಆಕಿದು."

"ಮೊದಲ ಅಜ್ಜನ್ನ ಕರಕೊಂಡ ಬಂದು, ಆಮ್ಯಾಲ ಆಕಿನ್ನ ತರಬೇಕಿಲ್ಲ?"

ಕಾಕಾ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಹಂಗ ಮಾಡಿದ್ರ ಹೊತ್ತಾಗಿ ಆಕಿ ಓಟ ತಪ್ಪತಿತ್ತಲ್ಲೋ."

ಹದಿನೈದು ದಿನ ನಾನು ಅವರೊಡನೆ ಮಾತಾಡಲಿಲ್ಲ. ಅವರು ದಿನವೂ ಬಾಗಿಲಲ್ಲಿ ನಿಂತು, "ಊಟ ಆತೇನು?" ಎನ್ನುತ್ತಿದ್ದರು. ನಾನು ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಹದಿನಾರನೆಯ ದಿನ ಅತ್ತೆ ಬಂದಳು, ಸೀರೆ ಕುಬಸ, ಐದು ಬಗೆಯ ಉಂಡೆ, ಜೊತೆಗೆ ನಾಲ್ಕು ಜನ ಮುತ್ತೈದೆಯರು. ಹೆಂಡತಿ ಒಲೆಯ ಮುಂದಿನಿಂದ ಏಳಲಾರದೆ ಅಲ್ಲೇ ಕೂತು ಅತ್ತಳು. ಉಡಿ ತುಂಬಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದಳು.

"ಅವತ್ತ ಗಾಡ್ಯಾಗ ನಿಮ್ಮ ಕಾಕಾ ಓಟಿನ ಮಾತ ಒಂದೂ ತಗೀಲಿಲ್ಲ. 'ಅಕ್ಕಾರ, ಇಲೆಕ್ಷನ್ ಇವತ್ತ ಮುಗೀತೈತಿ. ಹುಡಿಗಿಗೆ ಏಳ ತುಂಬ್ಯಾವ. ಆ ಮನ್ಯಾಗ ಒಂದ ಹೆಣ್ಣ ದಿಕ್ಕಿಲ್ಲ. ನೀವು ಹೋಗೂದಿಲ್ಲಂದ್ರ ಯಾರ ಹೋಗ್ತಾರ' ಅಂದ. ನಾ ಮಗನ ಕೂಡ ಹದಿನೈದ ದಿನ ಬಡದಾಡಿ ಬಂದೇನಿ. ಕಳಸ್ರಿ ಈಗ."

ಕಳಿಸಿದೆ. ಆಮೇಲೆ ಕಾಕಾನ ಬಾಗಿಲಿಗೆ ಹೋಗಿ, "ಇದನ್ನ ಮೊದಲ ನನಗ ಹೇಳಾಕ ಏನಾಗಿತ್ತು?" ಎಂದು ಕೇಳಿದೆ.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ" ಎಂದರು. ನಿಜ, ಅನ್ನುತ್ತಿದ್ದೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೆಂಡತಿಗೆ ನೋವು ಶುರುವಾಯಿತು. ಹತ್ತು ಹೆತ್ತ ಅತ್ತೆ ಹೊಟ್ಟೆ ಮುಟ್ಟಿ ನೋಡಿದವಳೇ ಕೂಸು ಅಡ್ಡ ಮಲಗಿದೆ ಎಂದು ತಿಳಿದಳು. ಮಗನಿಗೆ ಹೇಳಿ ಲಾರಿಯಲ್ಲಿದ್ದ ನೂಲಿನ ಮೂಟೆಗಳನ್ನು ಬೀದಿಗೆ ಇಳಿಸಿ, ಹಾಸಿಗೆ ಹಾಸಿ, ಮಗಳನ್ನು ಮಲಗಿಸಿಕೊಂಡು ಜಮಖಂಡಿ ದವಾಖಾನೆಗೆ ಹೊರಟಳು. ಭಾವ ತಾನೇ ಲಾರಿ ನಡೆಸಿದ. ನಾನು ಹಿಂದೆ ಹೆಂಡತಿಯ ಕೈ ಹಿಡಿದು ಕೂತಿದ್ದೆ. ಡಾಕ್ಟರು ಹೊರಗೆ ಬಂದು, ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು. ಮಗಳು ಹುಟ್ಟಿದ್ದಳು. ಭಾವ ಗೋಡೆಗೆ ಒರಗಿ ನಿಂತು ರುಮಾಲಿನಿಂದ ಮುಖ ಮುಚ್ಚಿಕೊಂಡಿದ್ದ. ಅವನ ಹೊಸ್ತಿಲ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಇಲ್ಲಿಗೆ ಕಾಕಾ ಸುಮ್ಮನಾಗಬೇಕಲ್ಲ? ಪ್ರತಿ ಸೋಮವಾರ ಬಾವಿಯ ನೀರು ತುಂಬಿದ ಹಿತ್ತಾಳೆ ಚೊಂಬು ಹಿಡಿದು ಮೆಂಬರನಾದ ಭಾವನ ಮನೆಯ ಕಟ್ಟೆಯ ಮೇಲೆ ಹೋಗಿ ಕೂರತೊಡಗಿದರು. ನನ್ನನ್ನೂ ಎಳೆದೊಯ್ಯುತ್ತಿದ್ದರು. ಗಟಾರದ ಮಾತಿಲ್ಲ. ಚೊಂಬನ್ನು ಭಾವನ ಮುಂದಿಟ್ಟು, ನೂಲಿನ ಮಾತು, ಎತ್ತಿನ ಮಾತು, ಬೀಳಗಿಯ ಕಡೆ ಮಳೆಯಾದ ಮಾತು. ಭಾವ ಆ ಕೆಂಪು ನೀರು ನೋಡುವುದು, ಮುಖ ತಿರುಗಿಸುವುದು. ಬೈದಾದರೂ ಕಳಿಸಬಾರದೇ ಎಂದು ನನಗೆ ಅನ್ನಿಸುತ್ತಿತ್ತು. ಅವನಿಂದ ಆಗುತ್ತಿರಲಿಲ್ಲ, ಏಕೆಂದರೆ ಒಳಗಿನಿಂದ ಅತ್ತೆ ಕಾಕಾನಿಗೆ ಚಹ ಕಳಿಸುತ್ತಿದ್ದಳು. ಎರಡು ಮಳೆಗಾಲ ಕಳೆದ ಮೇಲೆ ಗಟಾರವಾಯಿತು. ಉದ್ಘಾಟನೆಯ ದಿನ ಭಾವ ಉದ್ದನೆಯ ಭಾಷಣ ಮಾಡಿದ. ಕಾಕಾನ ಹೆಸರು ಅದರಲ್ಲಿ ಒಮ್ಮೆಯೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ನಿಲ್ಲಿಸಿದ ಮೇಲೂ ಕಾಕಾ ಒಬ್ಬರೇ ತಟ್ಟುತ್ತಿದ್ದರು. ನಾನು ಅವರ ಕೈ ಹಿಡಿದು ಕೆಳಗಿಳಿಸಬೇಕಾಯಿತು.

ನಮ್ಮ ಕಡೆಯ ಊರುಗಳು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಕಾಕಾ ಹೋದರು. ಮೂರು ದಿನ ಜ್ವರವಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಜಮಖಂಡಿಗೆ ಒಯ್ಯುತ್ತಿದ್ದೆವು. ಭಾವನ ಲಾರಿ ಬಾಗಿಲಲ್ಲೇ ಇತ್ತು. ಕೊನೆಯವರೆಗೂ ಹೀಗೆಯೇ ಸತಾಯಿಸಿದರು. ಒಂದು ಕಡೆ ನಾನು, ಇನ್ನೊಂದು ಕಡೆ ಭಾವ ಹೆಗಲು ಕೊಟ್ಟೆವು. ಅತ್ತೆ ಮೊಣಕಾಲು ನೋವಿನಲ್ಲೂ ಓಣಿಯ ಕೊನೆಯವರೆಗೆ ನಡೆದು ಬಂದಳು.

ಈಗಲೂ ಎಲ್ಲಾದರೂ ಇಲೆಕ್ಷನ್ನಿನ ಫಲಿತಾಂಶ ಬಂತೆಂದರೆ ನನಗೆ ಆ ಬೇವಿನ ಮರವೇ ಕಣ್ಣಿಗೆ ಕಟ್ಟುತ್ತದೆ. ಮುದುಕಿಯನ್ನು ಅಲ್ಲೇ ಬಿಟ್ಟು ಹೋಗಿದ್ದರೆ ಗೆದ್ದೇ ಗೆಲ್ಲುತ್ತಿದ್ದೆವು ಎಂದು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೆಂಡತಿ ಎಲ್ಲ ಸಲವೂ ಸುಮ್ಮನೆ ಕೇಳುತ್ತಿದ್ದಳು. ಮೊನ್ನೆ ಮಾತ್ರ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು.

"ಖರೆರಿ. ಗೆಲ್ತಿದ್ರಿ. ಇಷ್ಟೊತ್ತಿಗೆ ಈ ಮಾತ ಕೇಳಾಕ ಮನ್ಯಾಗ ಯಾರೂ ಇರತಿದ್ದಿಲ್ಲ, ಅಷ್ಟ" ಎಂದು ಮತ್ತೆ ಅಕ್ಕಿಯತ್ತ ಬಾಗಿದಳು.